ಫ್ರಿಜ್ಜಿನಿಂದ ನೀರು ಸೋರುತ್ತಿದ್ದರೆ

ಮುಂಬೈಯ ಮಳೆಗಾಲದಲ್ಲಿ ಬಾಗಿಲು ತೆರೆದಾಗಲೆಲ್ಲ ತೇವದ ಗಾಳಿ ಫ್ರಿಜ್ಜಿನೊಳಗೆ ನುಗ್ಗುವುದರಿಂದ, ಒಳಗೆ ಕಟ್ಟುವ ಹಿಮವೂ ಅದು ಕರಗಿದ ನೀರೂ ಹೆಚ್ಚುತ್ತವೆ. ಹಿಮವನ್ನು ತಾನೇ ಕರಗಿಸಿಕೊಳ್ಳುವ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಆ ನೀರು ಫ್ರೀಜರಿನ ಹಿಂಬದಿಯ ತೂತಿನಿಂದ ಕೊಳವೆಯಲ್ಲಿಳಿದು ಕಂಪ್ರೆಸರ್ ಬಳಿಯ ತಟ್ಟೆಯನ್ನು ಸೇರಿ, ಅಲ್ಲಿನ ಬಿಸಿಗೆ ಆವಿಯಾಗುತ್ತದೆ. ಕೊತ್ತಂಬರಿಯ ಚೂರೋ ಮಂಜುಗಡ್ಡೆಯೋ ದಾರಿಯನ್ನು ಮುಚ್ಚಿದರೆ, ನೀರು ಮೊದಲು ತರಕಾರಿ ಟ್ರೇಗೆ, ಬಳಿಕ ನೆಲಕ್ಕೆ ಇಳಿಯುತ್ತದೆ.

ಮೊದಲು ಪ್ಲಗ್ಗನ್ನೇ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಫ್ರೀಜರನ್ನು ಖಾಲಿ ಮಾಡಿ, ಹಿಂಬದಿಯ ಫಲಕದ ಸ್ಕ್ರೂಗಳನ್ನು ಬಿಚ್ಚಿ, ಫ್ಯಾನಿನ ತಂತಿ ಅದಕ್ಕೆ ಸೇರಿಕೊಂಡಿರಬಹುದಾದ್ದರಿಂದ ಫಲಕವನ್ನು ನಿಧಾನವಾಗಿ ಈಚೆಗೆ ತೆಗೆಯಿರಿ. ಮಂಜುಗಡ್ಡೆಯನ್ನು ಚಾಕುವಿನಿಂದ ಕೆತ್ತಲೇಬೇಡಿ. ತೆಳುವಾದ ಅಲ್ಯೂಮಿನಿಯಂ ಕೊಳವೆ ತೂತಾಗಿ ಗ್ಯಾಸ್ ಹೋದರೆ ಖರ್ಚು ಎಷ್ಟೋ ಪಾಲು ಹೆಚ್ಚುತ್ತದೆ. ತಾಳ್ಮೆಯಿದ್ದವರು ಬಾಗಿಲು ತೆರೆದಿಟ್ಟು ಅದು ತಾನಾಗಿ ಕರಗಲು ಬಿಡುವುದೇ ಲೇಸು. ನಂತರ ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ, ಕುದಿಯದ, ಕೈಗೆ ತಾಳುವಷ್ಟು ಬಿಸಿಯಾದ ನೀರನ್ನು ತೂತಿನೊಳಗೆ ಮತ್ತೆ ಮತ್ತೆ ಹಾಯಿಸಿ. ಲೋಳೆಯಿದ್ದರೆ ನೀರಿಗೆ ಒಂದಿಷ್ಟು ಅಡುಗೆ ಸೋಡಾ ಬೆರೆಸಬಹುದು.

ಮುಂಬೈ ಬಳಿಯ ಡೊಂಬಿವಲಿಯ ಇಕ್ಕಟ್ಟಾದ ಅಡುಗೆಮನೆಯಲ್ಲಿ ಗೋಡೆಗಂಟಿದ ಫ್ರಿಜ್ಜನ್ನು ಈಚೆಗೆಳೆಯುವುದೇ ದೊಡ್ಡ ಕೆಲಸ, ಆದರೂ ನೀರು ತಟ್ಟೆಗೆ ಬೀಳುತ್ತಿದೆಯೇ ಎಂದು ಹಿಂದಿನಿಂದ ನೋಡಲೇಬೇಕು. ತಟ್ಟೆಯನ್ನೂ ತೊಳೆದಿಡಿ, ಅಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಇಷ್ಟಾದ ಮೇಲೂ ಕೆಲವೇ ದಿನಗಳಲ್ಲಿ ತೂತಿನ ಬಾಯಲ್ಲಿ ಮತ್ತೆ ಮಂಜು ಕಟ್ಟಿದರೆ, ಬಾಗಿಲಿನ ರಬ್ಬರ್ ಸಡಿಲವಾಗಿದೆಯೇ ನೋಡಿ, ಅದು ಸರಿಯಿದ್ದಲ್ಲಿ ಒಳಗಿನ ಹಿಮ ಕರಗಿಸುವ ಹೀಟರನ್ನು ಪರೀಕ್ಷಿಸಲು ಮೆಕ್ಯಾನಿಕ್ಕನ್ನು ಕರೆಸಿ.