ದುಡಿಯ ಪೆಟ್ಟಿಗೂ ಹಾಡುವ ದನಿಗೂ ಒಂದೇ ಮೈಕ್

ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುವ ಕೊಡವರ ಹಾಡು, ದುಡಿಕೊಟ್ಟ್ ಪಾಟ್, ರೆಕಾರ್ಡ್ ಮಾಡುವಾಗ ಜಾಸ್ತಿ ಕಷ್ಟ ಕೊಡುವುದು ದುಡಿಯೇ. ಹಿರಿಯರ ದನಿ ಒಂದೇ ಹದದಲ್ಲಿ ಸಾಗುತ್ತಿರುತ್ತದೆ, ಪೆಟ್ಟು ಮಾತ್ರ ಚಟ್ ಅಂತ ಮೇಲೇಳುತ್ತದೆ. ನಮ್ಮ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ಈ ಹಾಡುಗಳನ್ನು ನಾನು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕ್ ಮತ್ತು ಅಡಾಸಿಟಿ ಇಟ್ಟುಕೊಂಡೇ ರೆಕಾರ್ಡ್ ಮಾಡುತ್ತಾ ಬಂದಿದ್ದೇನೆ. ಅಡಾಸಿಟಿ ಅಂದರೆ ಶಬ್ದ ರೆಕಾರ್ಡ್ ಮಾಡಿ ತಿದ್ದುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ, ಈ ಕೆಲಸಕ್ಕೆ ಬೇಕಾದಷ್ಟಾಯಿತು.

ಮೊದಲು ಶಬ್ದದ ಮಟ್ಟ ತೋರಿಸುವ ಮೀಟರ್ ಓದಲು ಬರಬೇಕು. ಕಂಪ್ಯೂಟರ್ ಮೀಟರ್‌ನಲ್ಲಿ 0 ಡೆಸಿಬೆಲ್ ಅಂದರೆ ಮೇಲಿನ ತುದಿ, ಅದರ ಕೆಳಗೆಲ್ಲಾ ಮೈನಸ್. ಶಬ್ದ 0 ಮೀರಿತೋ, ಅಲೆಯ ತಲೆ ಚಪ್ಪಟೆಯಾಗುತ್ತದೆ. ಆಮೇಲೆ ವಾಲ್ಯೂಮ್ ಎಷ್ಟು ಇಳಿಸಿದರೂ ಆ ಒಡಕು ಹೋಗುವುದಿಲ್ಲ. 6 ಡೆಸಿಬೆಲ್ ಏರಿದರೆ ಅಲೆಯ ಎತ್ತರ ಎರಡು ಪಟ್ಟು. ಅದಕ್ಕೇ ನಾನು ದುಡಿಯ ಪೆಟ್ಟು ಮೈನಸ್ 10ರ ಆಸುಪಾಸಿನಲ್ಲಿ ನಿಲ್ಲುವ ಹಾಗೆ ಗೇನ್ (ಮೈಕ್‌ನ ಶಬ್ದವನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ) ಇಡುತ್ತೇನೆ. ಹಾಡು ಕಾವೇರಿದಂತೆ ಕೈಯೂ ಜೋರಾಗುತ್ತದೆ, ಅಲ್ವಾ?

ಲೆವೆಲ್ ನೋಡಲು ಸುಮ್ನೆ 'ಹಲೋ ಹಲೋ' ಅಂದರೆ ಪ್ರಯೋಜನವಿಲ್ಲ. "ಅಜ್ಜಯ್ಯ, ಎಲ್ಲಕ್ಕಿಂತ ಜೋರಾಗಿ ಬಡಿಯುವ ಕಡೆ ಸ್ವಲ್ಪ ಹಾಡಿ" ಅಂತ ಕೇಳುತ್ತೇನೆ. ರೆಕಾರ್ಡ್ ಒತ್ತುವ ಮೊದಲೇ ಮೀಟರ್ ಆನ್ ಮಾಡಿ ಅದನ್ನೇ ನೋಡುತ್ತಾ ಕೂರುತ್ತೇನೆ. ನಾಲ್ಕು ಜನ ಹಿರಿಯರು ದೀಪದ ಮುಂದೆ ಕೂತು ಮನಸಾರೆ ಹಾಡಿದ ಮೇಲೆ, ಇನ್ನೊಮ್ಮೆ ಹಾಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಪೆಟ್ಟು ಮೈನಸ್ 10ರಲ್ಲಿದ್ದರೆ ದನಿ ಅದಕ್ಕಿಂತ ಸಾಕಷ್ಟು ಕೆಳಗೆ, ಪರದೆಯ ಮೇಲೆ ಸಣ್ಣ ಗೆರೆಯಂತೆ ಕಾಣುತ್ತದೆ. ಹೆದರಬೇಡಿ. ಸಾಮಾನ್ಯ 16 ಬಿಟ್ ರೆಕಾರ್ಡಿಂಗ್‌ನಲ್ಲೇ ಅತಿ ಮೆಲ್ಲನೆ ಶಬ್ದದಿಂದ ಅತಿ ಜೋರಿನ ತನಕ ಸುಮಾರು 96 ಡೆಸಿಬೆಲ್‌ನಷ್ಟು ಜಾಗವಿದೆ. ಮಳೆಗಾಲದ ಕೊಡಗಿನ ಯಾವ ಮನೆಯೂ ಅಷ್ಟು ನಿಶ್ಶಬ್ದವಾಗಿರುವುದಿಲ್ಲ.

ದನಿ ಸಾಲದು ಅನಿಸಿದರೆ ಗೇನ್ ಮುಟ್ಟಬೇಡಿ, ಮೈಕ್ ಹತ್ತಿರ ತನ್ನಿ. ಗೇನ್ ಏರಿಸಿದರೆ ಹೆಂಚಿನ ಮೇಲಿನ ಮಳೆಯೂ ಅಷ್ಟೇ ಏರುತ್ತದೆ. ಬಾಯಿಂದ ಮೈಕ್‌ಗೆ ಇರುವ ದೂರ ಅರ್ಧವಾದರೆ ದನಿ ಮಾತ್ರ ಹತ್ತಿರಹತ್ತಿರ 6 ಡೆಸಿಬೆಲ್ ಏರುತ್ತದೆ, ಮಳೆ ಇದ್ದಲ್ಲೇ ಇರುತ್ತದೆ. ಮೈಕನ್ನು ಬಾಯಿಯ ಮಟ್ಟಕ್ಕೆ, ಸ್ವಲ್ಪ ಮೇಲೆಯೇ ಇಡುತ್ತೇನೆ. ದುಡಿ ಕೆಳಗಿರುವುದರಿಂದ ಅದಕ್ಕೆ ದೂರ ಹೆಚ್ಚಾಗುತ್ತದೆ. ಕಾರ್ಡಿಯಾಯ್ಡ್ ಅನ್ನುವ ಬಗೆಯ ಮೈಕ್ ಮುಂದಿನ ಶಬ್ದವನ್ನು ಹೆಚ್ಚು, ಬೆನ್ನಿನ ಕಡೆಯದನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ, ಆ ಬೆನ್ನು ಅಂಗಳದ ಮಳೆಯ ಕಡೆಗಿರಲಿ.

ಉಳಿದ ಸೆಟ್ಟಿಂಗ್ ಹೆಚ್ಚೇನಿಲ್ಲ. ಒಂದೇ ಮೈಕ್ ಆದ್ದರಿಂದ ಮೋನೋ, ಅಂದರೆ ಒಂದೇ ಚಾನೆಲ್, ಸಾಕು. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಶಬ್ದವನ್ನು ಅಳೆಯುವ ಸಲ, 48000. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಮೈಕ್‌ನ ಶಬ್ದವನ್ನು ತಾನೇ ತಿದ್ದುವ ಎನ್‌ಹಾನ್ಸ್‌ಮೆಂಟ್ ಇದ್ದರೆ ಎಲ್ಲಾ ಆಫ್ ಮಾಡಿ. ಅದು ಮಾತಿಗೆಂದು ಮಾಡಿದ್ದು, ದುಡಿಯ ಪೆಟ್ಟನ್ನು ಗದ್ದಲ ಅಂದುಕೊಂಡು ಅದುಮಿಬಿಡಬಹುದು. ಅಡಾಸಿಟಿಯ ವ್ಯೂ ಮೆನುವಿನಲ್ಲಿ ಶೋ ಕ್ಲಿಪ್ಪಿಂಗ್ ಆನ್ ಇಟ್ಟರೆ ಒಡೆದ ಕಡೆ ಕೆಂಪು ಗೆರೆ ಬೀಳುತ್ತದೆ. ಹಳೆ ಮನೆಯ ವೈರಿಂಗ್‌ನಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೆ 50 ಹರ್ಟ್ಸ್‌ನ ಗುಂಯ್ ಶಬ್ದ ಸೇರಬಹುದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡುತ್ತೇನೆ.

ಮುಗಿದ ತಕ್ಷಣ, ಏನೂ ತಿದ್ದದೆ, ಶಬ್ದವನ್ನು ಕುಗ್ಗಿಸದ ವೇವ್ (WAV) ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ ಇಡುತ್ತೇನೆ. 16 ಬಿಟ್ ಮೋನೋ ಆದರೆ ಗಂಟೆಗೆ ಸುಮಾರು 350 ಎಂಬಿ. ಲೆವೆಲ್ ಏರಿಸುವುದು, ಎಂಪಿ3 ಮಾಡಿ ಹಾಡಿದವರ ಮಕ್ಕಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದು ಎಲ್ಲಾ ಇನ್ನೊಂದು ಕಾಪಿಯಲ್ಲಿ.