ಮಳೆ ಸಾಸವಡದಲ್ಲಿ, ಗಾಳಿ ನನ್ನ ಪೆಂಡಾಲಿನಲ್ಲಿ

ಊರು ಗದಗ. ಪುಣೆಯಲ್ಲಿ ಪೆಂಡಾಲ ಹಾಕುವ ಕೆಲಸ. ಇಲ್ಲಿ ಮದುವೆಗಳು ಜಾಸ್ತಿ ಲಾನ್ಸ್‌ಗಳಲ್ಲೇ ಆಗುತ್ತವೆ. ಲಾನ್ಸ್ ಅಂದರೆ ಬಯಲು, ಹುಲ್ಲು, ಮೇಲೆ ನಮ್ಮ ಬಟ್ಟೆ. ಏಪ್ರಿಲ್, ಮೇ ಬಂತೆಂದರೆ ನಮಗೆ ಸುಗ್ಗಿ. ಅಡ್ಡಮಳೆಗೂ ಅದೇ ಸುಗ್ಗಿ.

ಸುಮಾರು ಹತ್ತು ವರ್ಷದ ಹಿಂದೆ ಫುರಸುಂಗಿ ಕಡೆ ಒಂದು ಲಾನ್ಸ್‌ನಲ್ಲಿ ಕೆಲಸವಿತ್ತು. ಸಂಜೆ 4 ಗಂಟೆ. ತಲೆಯ ಮೇಲೆ ಒಂದು ತುಣುಕು ಮೋಡವಿಲ್ಲ. ಮೊಬೈಲ್‌ನಲ್ಲಿ ಸೂರ್ಯನ ಚಿತ್ರ. ನಮ್ಮ ಹುಡುಗ ಏಣಿಯ ಮೇಲಿಂದ ಕೂಗಿದ, ‘ಅಣ್ಣಾ, ದಿವೆ ಘಾಟಿನ ಕಡೆ ಕಪ್ಪಾಗೇತಿ. ಬಟ್ಟಿ ಬಿಚ್ಚೂಣೇನ್ರೀ?’

‘ಅದು ಸಾಸವಡದ ಮ್ಯಾಲಿನ ಮಳಿ. ನಮಗೇನೂ ಆಗಂಗಿಲ್ಲ, ಬಿಡೋ’ ಎಂದೆ. ಸಾಸವಡ ಅಂದರೆ ಆ ಘಾಟಿನ ಆಚೆಗಿನ ಊರು.

ಮುಕ್ಕಾಲು ಗಂಟೆಯೊಳಗೆ ಧೂಳಿನ ಗೋಡೆ ಬಂತು. ಒಂದು ಹನಿಯೂ ಬೀಳಲಿಲ್ಲ. ಮೇಲಿನ ಬಟ್ಟೆ ಉಬ್ಬಿತು, ಪೈಪುಗಳು ನೆಲ ಬಿಟ್ಟು ಎದ್ದವು, ಹಗ್ಗದ ಜೊತೆ ಗೂಟವೂ ಕಿತ್ತು ಬಂತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅಡುಗೆಯವರ ಸಾರಿನ ಹಂಡೆ ಮಾತ್ರ ಮಗುಚಿತು.

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ನನ್ನನ್ನು ಕೊರೆಯುತ್ತಿದ್ದದ್ದು. ಮಳೆ ಸಾಸವಡದಲ್ಲೇ ಬಿದ್ದಿತ್ತು. ನಮ್ಮಲ್ಲಿಗೆ ಬಂದದ್ದು ಅದರ ಗಾಳಿ.

ಆಮೇಲೆ ಓದಿ, ಕೇಳಿ, ನೋಡಿ ತಿಳಿದುಕೊಂಡೆ. ಬೇಸಿಗೆಯ ಗುಡುಗು ಮೋಡದ ತಳ ಬಹಳ ಎತ್ತರದಲ್ಲಿರುತ್ತದೆ. ಕೆಳಗಿನ ಗಾಳಿ ಒಣ. ಅದರಲ್ಲಿ ಬೀಳುವ ಹನಿಗಳು ದಾರಿಯಲ್ಲೇ ಆರುತ್ತವೆ. ಹನಿ ಆರುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ಮಡಕೆಯ ನೀರು ತಣ್ಣಗಾದ ಹಾಗೆ. ತಣ್ಣನೆ ಗಾಳಿ ಭಾರ. ಅದು ಧಡಕ್ಕನೆ ಕೆಳಗಿಳಿದು, ನೆಲಕ್ಕೆ ಬಡಿದು, ಚೆಲ್ಲಿದ ನೀರಿನಂತೆ ಸುತ್ತಲೂ ಹರಡುತ್ತದೆ. ಇಪ್ಪತ್ತು ಕಿಲೋಮೀಟರ್ ಅದಕ್ಕೆ ದೊಡ್ಡ ದೂರವೇನಲ್ಲ.

ಗಂಟೆಗೆ 60 ಕಿಮೀ ವೇಗದ ಗಾಳಿ ಎದುರಿನ ಬಟ್ಟೆಯನ್ನು ಚದರ ಮೀಟರಿಗೆ ಸುಮಾರು 15 ಕೆಜಿ ಬಲದಿಂದ ನೂಕುತ್ತದೆ. ನಮ್ಮ 15 ಅಡಿಗೆ 15 ಅಡಿಯ ಒಂದು ಪರದೆ ಅಂದರೆ 300 ಕೆಜಿ! ವೇಗ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟು. ಇದು ಗೊತ್ತಾದ ಮೇಲೆ ಸುಮ್ನೆ ಗೂಟ ಹೊಡೆದು ಕೈತೊಳೆಯುವುದನ್ನು ಬಿಟ್ಟೆ.

ಈಗ ನನ್ನ ಹತ್ತಿರ ಎರಡು ಥರ್ಮಾಮೀಟರ್ ಇವೆ. ಒಂದು ಹಾಗೇ. ಇನ್ನೊಂದರ ಬುಡಕ್ಕೆ ಮಲ್‌ಮಲ್ ಬಟ್ಟೆ ಸುತ್ತಿ ನೀರಲ್ಲಿ ಅದ್ದಿರುತ್ತೇನೆ. ಮಧ್ಯಾಹ್ನ 2 ಗಂಟೆಗೆ ನೆರಳಲ್ಲಿ ಹಿಡಿದು, ರಟ್ಟಿನಿಂದ ಐದು ನಿಮಿಷ ಬೀಸಿ, ಎರಡನ್ನೂ ಓದುತ್ತೇನೆ. ಒಣದು 38, ಒದ್ದೆಯದು 19 ತೋರಿಸಿದರೆ ಗಾಳಿಯಲ್ಲಿ ಪಸೆಯಿಲ್ಲ. ಇಬ್ಬನಿ ಬಿಂದು, ಅಂದರೆ ಗಾಳಿಯ ಪಸೆ ಹನಿಗಟ್ಟಲು ಶುರುವಾಗುವ ಉಷ್ಣಾಂಶ, 7 ಡಿಗ್ರಿ ಆಸುಪಾಸು. ಅಂಥ ದಿನ ಬರೀ ಉರಿ. ಒದ್ದೆಯದು 23ಕ್ಕೆ ಏರಿದರೆ ಇಬ್ಬನಿ ಬಿಂದು 16ರ ಮೇಲಿರುತ್ತದೆ. ಆಗ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಮೋಡದ ತಳದ ಎತ್ತರಕ್ಕೂ ಇದೇ ಲೆಕ್ಕ: ಉಷ್ಣಾಂಶದಲ್ಲಿ ಇಬ್ಬನಿ ಬಿಂದು ಕಳೆದು 125ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 38ರಲ್ಲಿ 16 ಕಳೆದರೆ 22, ಅಂದರೆ 2,750 ಮೀಟರ್. ದೊಡ್ಡ ಮೋಡ ಕಟ್ಟಲು ಬೇಕಾದ ಪಸೆ ಇದೆ, ಹನಿ ಆರಲು ಬೇಕಾದಷ್ಟು ಒಣ ಜಾಗವೂ ಕೆಳಗೆ ಉಳಿದಿದೆ. ಪೆಂಡಾಲಿನವನಿಗೆ ಇದಕ್ಕಿಂತ ಕೆಟ್ಟ ದಿನ ಬೇರೆ ಇಲ್ಲ.

ಪಸೆ ಬರುವುದು ಎರಡು ಕಡೆಯಿಂದ. ಸಂಜೆ ಹೊತ್ತಿಗೆ ಅರಬ್ಬಿ ಸಮುದ್ರದ ಗಾಳಿ ಘಟ್ಟ ಹತ್ತಿ ಪುಣೆಗೆ ಬರುತ್ತದೆ. ಇನ್ನೊಂದು ಬಂಗಾಳ ಕೊಲ್ಲಿಯಿಂದ ಬರುವ ಗಾಳಿ. ಬೇಸಿಗೆಯಲ್ಲಿ ಎಷ್ಟೋ ಸಲ ಮರಾಠವಾಡದಿಂದ ನಮ್ಮ ಕರ್ನಾಟಕದ ಒಳನಾಡಿನವರೆಗೆ ಒಂದು ಗೆರೆ ಬೀಳುತ್ತದೆ. ಗೆರೆಯ ಈಚೆಗೆ ವಾಯವ್ಯದ ಒಣ ಗಾಳಿ, ಆಚೆಗೆ ಕೊಲ್ಲಿಯ ಹಸಿ ಗಾಳಿ. ಹವಾಮಾನ ಇಲಾಖೆಯ ಬುಲೆಟಿನ್‌ನಲ್ಲಿ ಇದನ್ನು ಟ್ರಫ್ ಎಂದು ಬರೆದಿರುತ್ತಾರೆ. ಮೊದಲು ಆ ಸಾಲನ್ನು ಹಾರಿಸಿ ಕೆಳಗಿನ ಉಷ್ಣಾಂಶ ನೋಡುತ್ತಿದ್ದೆ. ಈಗ ಉಲ್ಟಾ. ಉಷ್ಣಾಂಶ ನೋಡಲು ನನ್ನ ಬೆನ್ನಿನ ಬೆವರೇ ಸಾಕಲ್ವಾ?

ಬೆಳಿಗ್ಗೆ ಚಹಾ ಹೊತ್ತಿಗೆ ಆಕಾಶವನ್ನೂ ನೋಡುತ್ತೇನೆ. ಎತ್ತರದಲ್ಲಿ ಕೋಟೆಯ ತೆನೆಗಳಂಥ ಪುಟ್ಟ ಮೋಡಗಳು ಸಾಲಾಗಿ ಎದ್ದಿದ್ದರೆ ಮೇಲಿನ ಗಾಳಿ ಆಗಲೇ ಕುದಿಯಲು ತಯಾರು ಎಂದರ್ಥ. ಮಧ್ಯಾಹ್ನದ ಮೇಲೆ ದಾಮಿನಿ ಆ್ಯಪ್. ಪುಣೆಯ ಐಐಟಿಎಂ ಎಂಬ ಹವಾಮಾನ ಸಂಶೋಧನಾ ಸಂಸ್ಥೆಯವರು ಮಾಡಿದ್ದು. ನಾವಿರುವ ಜಾಗದಿಂದ 20 ಮತ್ತು 40 ಕಿಮೀ ದೂರದೊಳಗೆ ಸಿಡಿಲು ಬಿದ್ದರೆ ಎಚ್ಚರಿಸುತ್ತದೆ. ಬೇರೆಯವರು 20ರ ಒಳಗೆ ಬರಲಿ ಎಂದು ಕಾಯಬಹುದು. ನಾನು ಕಾಯುವುದಿಲ್ಲ. ದೊಡ್ಡ ಬಟ್ಟೆ ಇಳಿಸಲು ನಾಲ್ಕು ಜನಕ್ಕೆ 25 ನಿಮಿಷ ಬೇಕು. ಸಿಡಿಲು 40ರ ಒಳಗೆ ಬಂದಿತೆಂದರೆ ಯಾರನ್ನೂ ಕೇಳದೆ ಬಿಚ್ಚುತ್ತೇವೆ.

ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಈ ತಲೆನೋವು ಬಹುಪಾಲು ಇಲ್ಲ. ಆಗ ಲೋಣಾವಳದಲ್ಲಿ ಸುರಿಯುತ್ತದೆ, ಘಟ್ಟದ ಮರೆಯಲ್ಲಿರುವ ಪುಣೆಗೆ ಜಿನುಗು.

ಹೋದ ವರ್ಷ ಮೇ ತಿಂಗಳಲ್ಲಿ ಉಂಡ್ರಿ ಕಡೆ ಅರಿಶಿಣದ ಕಾರ್ಯಕ್ರಮ. ಒದ್ದೆಯದು 24, ಆ್ಯಪ್ ಕೂಗಿತು, ಬಟ್ಟೆ ಇಳಿಸಿದೆವು. ಹುಡುಗಿಯ ಅಪ್ಪ ಬಿಜಾಪುರದವರು. ಬಂದು ಮುಗಿಲು ನೋಡಿದರು, ನನ್ನನ್ನು ನೋಡಿದರು. ‘ಏನ್ರೀ ತಮ್ಮಾ, ಬಿಸಲ ಹಂಗ ಐತಿ, ನೀವು ಬಟ್ಟಿ ಬಿಚ್ಚಾಕ ಹತ್ತೀರಲ್ಲ?’

ಮೋಡ ಅವತ್ತು ಉತ್ತರಕ್ಕೆ ಹೋಯಿತು. ನಮ್ಮಲ್ಲಿ ನಾಲ್ಕು ಎಲೆ ಅಲುಗಿದವು, ಅಷ್ಟೇ. ಮತ್ತೆ ಬಟ್ಟೆ ಕಟ್ಟುವ ಹೊತ್ತಿಗೆ ಅರಿಶಿಣ ಹಚ್ಚಿ ಮುಗಿದಿತ್ತು. ಬಿಲ್ಲಿನಲ್ಲಿ ಎರಡು ಸಾವಿರ ಹಿಡಿದುಕೊಂಡರು. ಊಟ ಮಾತ್ರ ಒತ್ತಾಯ ಮಾಡಿ ಬಡಿಸಿದರು.