ಅಮೆರಿಕ ಇರಾಕ್‌ನ್ಯಾಗ ಗೆದ್ತೋ ಸೋತೋ? ವಾದಕ್ಕ ಕುಂದ್ರೂ ಮುಂದ ಇದನ್ನ ನೋಡ್ಕೊಳ್ರಿ

ಧಾರವಾಡದಾಗ ಚಾದಂಗಡಿ ಇರ್ಲಿ, ಕಾಲೇಜಿನ ಚರ್ಚಾ ಸ್ಪರ್ಧೆ ಇರ್ಲಿ, ಇರಾಕ್ ಯುದ್ಧದ ಮಾತ್ ಬಂತಂದ್ರ ಒಬ್ಬಾಂವ "ಇರಾಕ್ ಆಳ್ತಿದ್ದ ಸದ್ದಾಮನ್ನ ಹಿಡದ್ ಗಲ್ಲಿಗೇರಿಸಿದ್ರಲ್ಲೋ, ಮತ್ತೇನ್ ಬೇಕು" ಅಂತಾನ, ಇನ್ನೊಬ್ಬಾಂವ "ಅಷ್ಟ್ ಮಂದಿ ಸತ್ತ ಮ್ಯಾಲೆ ಎಲ್ಲೀ ಗೆಲುವಲೇ" ಅಂತಾನ, ಇಬ್ರೂ ಬ್ಯಾರೆ ಬ್ಯಾರೆ ಪ್ರಶ್ನೆಗೆ ಉತ್ತರಾ ಕೊಡಾಕತ್ತಿರ್ತಾರ, ವಾದ ಹರಿಯಂಗಿಲ್ಲ.

ಅದಕ್ಕ ಮೊದ್ಲ, ಯುದ್ಧಕ್ಕ ಹೋಗೂ ಮುಂದ ಏನ್ ಹೇಳಿ ಹೋಗಿದ್ರು ಅನ್ನೋದನ್ನ ಎದುರಿನವನ ಬಾಯಿಲೇನ ಹೇಳಸ್ರಿ. ಪ್ರಜಾಪ್ರಭುತ್ವ ತರಾಕ ಅಂತ ಅಂದೇ ಅಂತಾನ. ಆ ಮಾತೂ ಇತ್ತು, ಖರೇ. ಆದ್ರ 2003ರ ಫೆಬ್ರುವರಿ 5ಕ್ಕ ವಿಶ್ವಸಂಸ್ಥೆಯೊಳಗ ಅಮೆರಿಕದ ಅವಾಗಿನ ವಿದೇಶಾಂಗ ಮಂತ್ರಿ ಕಾಲಿನ್ ಪಾವೆಲ್ ಒಂದ್ ಸಣ್ಣ ಬಾಟ್ಲಿ ಎತ್ತಿ ಹಿಡದ್ ತೋರಿಸಿದ್ದು ಆಂಥ್ರಾಕ್ಸ್ ಅನ್ನೋ ರೋಗಾಣು ಅಸ್ತ್ರದ ಸಲುವಾಗಿ, ಮತಪೆಟ್ಟಿಗಿ ಸಲುವಾಗಿ ಅಲ್ಲ. ಮುಂದ ಹುಡುಕಿ ಹುಡುಕಿ ಸಾಕಾತು, ಇದಾವ ಅಂದಿದ್ದ ಅಸ್ತ್ರ ಸಿಗಲೇ ಇಲ್ಲ.

ಎರಡ್ನೇ ಮಾತು, ಯಾವ ತಾರೀಖಿಗೆ ಲೆಕ್ಕ ಮುಚ್ಚತೀರಿ ಅನ್ನೋದು. ಇಲ್ಲೇ ಭಾಳ ಮಂದಿ ಜಾರತಾರ. 2003ರ ಮೇ 1ಕ್ಕ ಅಮೆರಿಕದ ಅಧ್ಯಕ್ಷ ಬುಷ್ ಯುದ್ಧನೌಕೆ ಮ್ಯಾಲೆ ನಿಂತಾಗ ಹಿಂದ "ಮಿಷನ್ ಅಕಾಂಪ್ಲಿಶ್ಡ್", ಅಂದ್ರ ಹೋದ ಕೆಲಸ ಆತು ಅನ್ನೋ ಬ್ಯಾನರ್ ಇತ್ತು, ಅವತ್ತಿಗೆ ಲೆಕ್ಕ ಮುಚ್ಚಿದ್ರ ಗೆಲುವೇ ಗೆಲುವು. 2014ರ ಜೂನ್‌ಗೆ ಮುಚ್ಚಿದ್ರ ಇರಾಕ್‌ನ ದೊಡ್ಡ ಊರು ಮೊಸುಲ್ ಐಸಿಸ್ ಉಗ್ರರ ಕೈಯಾಗ. ಸೋಲು ಅನ್ನೋ ಕಡೆ ನೀವಿದ್ರ ಅಲ್ಲೇ ನಿಂದ್ರಬ್ಯಾಡ್ರಿ, 2017ರಾಗ ಮೊಸುಲ್ ವಾಪಸ್ ಬಂತು, ಇರಾಕ್‌ನ್ಯಾಗ ಎಲೆಕ್ಷನ್ ನಡದಾವ, ಓದ್ಕೊಂಡ್ ಬಂದಾಂವ ಇದ್ರ ಬರೋಬ್ಬರಿ ಹಿಡೀತಾನ. ನೀವ ಮೊದ್ಲ ಹೇಳಿಬಿಡ್ರಿ.

ಖರ್ಚಿನ ಮಾತು ಕಡೀಕ ಇಟ್ಕೊಳ್ರಿ, ಯಾಕಂದ್ರ ಬರೇ ಖರ್ಚಿನ ಮ್ಯಾಲೆ ತೀರ್ಪು ಆಗಂಗಿಲ್ಲ. ಎರಡ್ನೇ ಮಹಾಯುದ್ಧದಾಗ ಸೋವಿಯತ್ ಎರಡು ಕೋಟಿಗಿಂತ ಹೆಚ್ಚು ಜನಾ ಕಳ್ಕೊಂಡ್ತು, ಸೋತ್ತು ಅಂತ ಯಾರೂ ಅನ್ನಂಗಿಲ್ಲ, ದೇಶ ಉಳೀತು. ಇರಾಕ್‌ನ್ಯಾಗ 4,400ಕ್ಕೂ ಹೆಚ್ಚು ಅಮೆರಿಕದ ಸೈನಿಕರು ಹೋದ್ರು, ಸಿಕ್ಕಿದ್ದೇನು ಅಂತ ಕೇಳ್ರಿ. ಸತ್ತ ಇರಾಕಿ ಮಂದಿ ಲಕ್ಷದ ಮ್ಯಾಲೆ, ಅವ್ರ ಲೆಕ್ಕ ಯಾರ ಪುಸ್ತಕದಾಗ ಬರಕೋತೀರಿ ಅಂತನೂ ಕೇಳ್ರಿ, ನನ್ನ ಕೇಳಿದ್ರ ಇದು ಎಲ್ಲಾಕ್ಕಿಂತ ಗಟ್ಟಿ ಪ್ರಶ್ನೆ, ಆದ್ರ ನಮ್ಮಲ್ಲೆ ಯಾರೂ ಎತ್ತಂಗಿಲ್ಲ.

ಅಷ್ಟೊತ್ತಿಗೆ ಯಾರರೆ 1971 ತಗೀತಾರ. 13 ದಿನದ ಯುದ್ಧ, ಪಾಕಿಸ್ತಾನದ 93,000 ಮಂದಿ ನಮಗ ಶರಣಾದ್ರು, ಬಾಂಗ್ಲಾದೇಶ ಆತು, ಒಪ್ಕೊಳ್ರಿ, ಅದು ಗೆಲುವು. ಆಮ್ಯಾಲೆ 1987ರಿಂದ 1990 ತನಕ ಶ್ರೀಲಂಕಾದಾಗ ನಮ್ಮ ಭಾರತದ ಶಾಂತಿಪಾಲನಾ ಪಡೆ ಏನ್ ಮಾಡಿ ಬಂತು ಅಂತ ಕೇಳ್ರಿ, ಅಲ್ಲಿನ ತಮಿಳ್ ಬಂಡುಕೋರರಾದ ಎಲ್‌ಟಿಟಿಇದವ್ರ ಬಂದೂಕು ಕೆಳಗಿಡಸಾಕ ಹೋಗಿ 1,100ಕ್ಕೂ ಹೆಚ್ಚು ಜವಾನರನ್ನ ಕಳ್ಕೊಂಡ್ವಿ, ಬಂದೂಕು ಅವ್ರ ಕೈಯಾಗೇ ಉಳೀತು. ಆದ್ರ ಇಲ್ಲಿ ಮಾತು ಹಗರಕ ಆಡ್ರಿ. ಸಭಾದಾಗ ಮಿಲಿಟ್ರಿ ಮನಿತನದವ್ರು ಇದ್ದೇ ಇರ್ತಾರ. ಜವಾನರು ಸೋತ್ರು ಅನ್ನಬ್ಯಾಡ್ರಿ, ಕಳಿಸಿದವ್ರ ಲೆಕ್ಕ ತಪ್ತು ಅನ್ರಿ.